ಆ ಮೂಗು ಕೆಂಚಮ್ಮನದು

ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ವೈನ್ ಘಟಕದಿಂದ ಶಬಾನಾ ಎಂಬ ಹುಡುಗಿ ಕಳೆದ ತಿಂಗಳು ಮನೆಗೆ ಬಂದಿದ್ದಳು. ಚಿತ್ರದುರ್ಗದವಳು, ರಸಾಯನಶಾಸ್ತ್ರ ಓದಿದವಳು, ಈಗ ಅಲ್ಲಿನ ಪ್ರಯೋಗಾಲಯ ನೋಡಿಕೊಳ್ಳುತ್ತಾಳೆ. ಹೊಸದಾಗಿ ಸೇರುವವರಿಗೆ ಓದಲು ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದಳು. ಕೈಯಲ್ಲಿ ಒಂದು ಹಳೆಯ ನೋಟುಪುಸ್ತಕ ಇತ್ತು. ಬಿಳಿ ವೈನಿನ ಒಂದೊಂದು ದ್ರಾಕ್ಷಿ ತಳಿಗೂ ಯಾವ ಯಾವ ವಾಸನೆ ಇರುತ್ತದೆ ಎಂದು ಬರೆದಿಟ್ಟ ಪುಸ್ತಕ. ಅದರ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರಿದೆ. ಈಗಿನವರು ಅದನ್ನು ಓದಿಯೇ ಕೆಲಸ ಕಲಿಯುತ್ತಾರಂತೆ.

ಹಾಗಾಗಿ ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ವಾಸನೆ ಗೊತ್ತಾಗುವುದಿಲ್ಲ. ಸ್ವಲ್ಪ ಕಡಿಮೆ ಎಂದಲ್ಲ, ಏನೇನೂ ಇಲ್ಲ. ಹತ್ತನೆಯ ವಯಸ್ಸಿನಲ್ಲಿ ಹೊಳಲ್ಕೆರೆಯ ನಮ್ಮ ಶಾಲೆಯ ಹಿಂದಿದ್ದ ಹುಣಸೆಮರದಿಂದ ತಲೆಕೆಳಗಾಗಿ ಬಿದ್ದೆ. ಎದ್ದಾಗ ಕೈಯಲ್ಲಿ ಹುಣಸೆಕಾಯಿ ಇತ್ತು, ಮೂಗಿನಲ್ಲಿ ವಾಸನೆ ಇರಲಿಲ್ಲ. ಕಾಯಿ ತಿಂದೆ. ಹುಳಿ ಗೊತ್ತಾಯಿತು. ಸರಿ, ಮುಖ್ಯವಾದದ್ದು ಉಳಿದಿದೆ ಎಂದುಕೊಂಡು ಸುಮ್ಮನಾದೆ.

ಆ ಪುಸ್ತಕದಲ್ಲಿರುವ ವಾಸನೆಗಳೆಲ್ಲ ನನ್ನ ಹೆಂಡತಿ ಕೆಂಚಮ್ಮನವು. ಅವಳು ಹೋಗಿ ಎಂಟು ತಿಂಗಳಾಯಿತು. ಅವಳಿದ್ದಾಗ ಇದನ್ನು ಬರೆಯಬೇಕಿತ್ತು. ಇಬ್ಬರೂ ಕೂತು ನಗಬಹುದಿತ್ತು. ಈಗ ಒಬ್ಬನೇ ಬರೆಯುತ್ತಿದ್ದೇನೆ, ತಪ್ಪಿದರೆ ತಿದ್ದುವವರಿಲ್ಲ.

ನಾನು ಮೂಲತಃ ಪಂಪು ರಿಪೇರಿಯವನು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕ ಅಂಗಡಿ ಇತ್ತು. ಸಾಹುಕಾರ್ ಮಹಾಬಲಪ್ಪನವರು ಹಿರಿಯೂರಿನ ಹೊರಗೆ ದ್ರಾಕ್ಷಿ ಬೆಳೆಸಿ, ಅಲ್ಲೇ ವೈನ್ ಮಾಡಲು ಶುರು ಮಾಡಿದಾಗ ಪಂಪು ನೋಡಿಕೊಳ್ಳಲು ನನ್ನನ್ನು ಕರೆದರು. ಮನೆಯಲ್ಲಿ ಎಲ್ಲರಿಗೂ ಖುಷಿ, ನನ್ನ ಸೋದರಮಾವನಿಗೆ ಮಾತ್ರ ಸಿಟ್ಟು. ಅವರು ತುರುವನೂರಿನವರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹೆಂಡದ ವಿರುದ್ಧ ಈಚಲು ಮರ ಕಡಿದ ಊರು ಅದು.

"ನಿಮ್ಮಜ್ಜ ಕೊಡ್ಲಿ ಹಿಡ್ಕಂಡು ಈಚಲು ಕಡ್ದ. ನೀನು ನೀರು ಬಿಟ್ಟು ದ್ರಾಕ್ಷಿ ಬೆಳೆಸ್ತೀಯೇನ್ಲೇ?" ಎಂದರು.

"ಮಾವ, ನಾನು ಪಂಪು ರಿಪೇರಿ ಮಾಡ್ತೀನಿ ಅಷ್ಟೆ."

"ಪಂಪಿನಾಗೆ ಏನ್ ಬರ್ತೈತೆ?"

ನಾನು ಸ್ಪ್ಯಾನರ್ ಚೀಲ ಎತ್ತಿಕೊಂಡು, ಕೆಂಚಮ್ಮನ ಜೊತೆ ಹಿರಿಯೂರಿನ ಬಸ್ಸು ಹತ್ತಿದೆ.

ಘಟಕದಲ್ಲಿ ನನ್ನ ಸತ್ತ ಮೂಗು ಮೊದಮೊದಲು ಉಪಯೋಗಕ್ಕೇ ಬಂತು. ದ್ರಾಕ್ಷಿ ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು ಒಂದು ಗುಂಡಿಗೆ ಹಾಕುತ್ತಿದ್ದರು. ಹಿರಿಯೂರಿನ ಮಾರ್ಚ್ ಬಿಸಿಲಿಗೆ ಅದು ಕೊಳೆತರೆ ಆಳುಗಳು ಮೂಗಿಗೆ ಟವೆಲ್ ಕಟ್ಟಿಕೊಂಡು ಓಡಾಡುವರು. ನಾನು ಗುಂಡಿಯ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ ಮುದ್ದೆ ತಿನ್ನುತ್ತಿದ್ದೆ. ಅಲ್ಲಿ ನೆರಳಿತ್ತು.

ಹೀಗಿದ್ದವನು ರುಚಿಗಾರನಾದದ್ದು ಫಿನಾಯಿಲಿನಿಂದ. ಒಂದು ಬೆಳಿಗ್ಗೆ ಪೈಪು ತೊಳೆಯುವವನು ಮೂರನೇ ಟ್ಯಾಂಕಿನ ಪೈಪನ್ನು ಫಿನಾಯಿಲ್ ಹಾಕಿ ತೊಳೆದು, ಡಬ್ಬಿಯನ್ನು ಅಲ್ಲೇ ಮರೆತು ಹೋಗಿದ್ದ. ನಾನು ಡಬ್ಬಿ ನೋಡಿದೆ. ಸಾಹುಕಾರರು ಬಂದಾಗ, "ಮೂರನೇ ಟ್ಯಾಂಕಿನ ಮಾಲು ಬಾಟ್ಲಿಗೆ ತುಂಬಬ್ಯಾಡ್ರಿ, ಫಿನಾಯ್ಲ್ ಸೇರೈತೆ" ಎಂದೆ. ಅವರು ನಂಬದೆ ಪರೀಕ್ಷೆಗೆ ಕಳಿಸಿದರು. ಸೇರಿತ್ತು.

"ಏನ್ ಮೂಗಪ್ಪ ನಿಂದು! ನಾಯಿಗೂ ಇಲ್ವಲ್ಲೋ ಇಂಥಾ ಮೂಗು!" ಎಂದು ಬೆನ್ನು ತಟ್ಟಿದರು. "ನಾಳೆಯಿಂದ ನೀನೇ ಮೂಸಿ ಹೇಳ್ಬೇಕು, ಯಾವ ಟ್ಯಾಂಕು ಹೆಂಗೈತೆ ಅಂತ."

ಡಬ್ಬಿ ಕಂಡಿತ್ತು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರೇ, ಮೇಲಿನವರು ತಪ್ಪು ಕಾರಣಕ್ಕೆ ಹೊಗಳಿದರೆ ಐದು ನಿಮಿಷದ ಒಳಗೆ ಬಾಯಿ ಬಿಡಿ. ಆಮೇಲೆ ಆಗುವುದಿಲ್ಲ. ನನಗೆ ಒಂಬತ್ತು ವರ್ಷ ಹಿಡಿಯಿತು, ಅದೂ ಬಾಯಿ ಬಿಟ್ಟವನು ನಾನಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ವೈನಿನ ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ವಾಸನೆಯೇ. ನಾಲಗೆಗೆ ಹುಳಿ, ಸಿಹಿ, ಒಗರು ಇಷ್ಟು ಸಿಕ್ಕರೆ ಮುಗಿಯಿತು. ಬಿಳಿ ದ್ರಾಕ್ಷಿಯಲ್ಲಿ ಒಂದು ತಳಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಮೂಗಿನದು. ನನ್ನ ಪಾಲಿಗೆ ಐದು ತಳಿಗಳೂ ಒಂದೇ, ಹುಳಿ ನೀರು.

ಆ ಸಂಜೆ ಐದು ಟ್ಯಾಂಕಿನ ಮಾದರಿಯನ್ನು ಕೆಮ್ಮಿನ ಔಷಧಿಯ ಖಾಲಿ ಸೀಸೆಗಳಲ್ಲಿ ತುಂಬಿಕೊಂಡು ಬುತ್ತಿ ಚೀಲದಲ್ಲಿಟ್ಟು ಮನೆಗೆ ತಂದೆ. ಕೆಂಚಮ್ಮ ಸೀಸೆಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರಿಗ್ರೀ ಇಷ್ಟೊಂದು ಕೆಮ್ಮು?"

"ಮೂಸು."

"ಯಾಕೆ?"

"ಏನ್ ವಾಸ್ನೆ ಬರ್ತೈತೆ ಹೇಳು."

"ಕುಡ್ದೀರಾ?"

"ಇಲ್ಲ ಮಾರಾಯ್ತಿ. ಕುಡಿದ್ರೆ ಕೆಲ್ಸ ಹೋಗಲ್ಲ, ಮೂಸದಿದ್ರೆ ಹೋಗ್ತೈತೆ."

ಅವಳನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಅವಳ ತವರು ಯಲ್ಲದಕೆರೆ, ಕುರಿ ಸಾಕುವ ಮನೆ. ಸಂಜೆ ಕುರಿಗಳು ಹಟ್ಟಿಗೆ ಬಂದಾಗ ಮರಿಗಳನ್ನು ಅದರದರ ತಾಯಿಗೆ ಬಿಡಬೇಕು. ಕತ್ತಲಾಗಿದ್ದರೆ ಚಿಕ್ಕ ಹುಡುಗಿ ಕೆಂಚಮ್ಮನನ್ನು ಕರೆಯುತ್ತಿದ್ದರಂತೆ. ಮರಿಯ ಬೆನ್ನು ಮೂಸಿ ಇದು ಇಂಥ ಕುರಿಯದು ಎಂದು ಹೇಳುತ್ತಿದ್ದಳು. ಹಾಲು ಮೂಸಿ, ಇವತ್ತು ಗುಡ್ಡಕ್ಕೆ ಹೊಡೆದಿದ್ದರೋ ಕೊಯ್ಲಾದ ಹೊಲಕ್ಕೋ ಎಂದೂ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನು ಸಂಜೆ ಮನೆಗೆ ಬಂದರೆ, ಯಾವ ಊರಿನ ಪಂಪು ಬಿಚ್ಚಿ ಬಂದಿದ್ದೇನೆ ಎಂದು ಮಣ್ಣಿನ ಮೇಲೆ ಹೇಳುವಳು. ಅವಳ ಹತ್ತಿರ ಸುಳ್ಳು ಹೇಳುವ ಆಸೆಯನ್ನು ನಾನು ಆ ತಿಂಗಳೇ ಬಿಟ್ಟಿದ್ದೆ.

ಮೊದಲ ಸೀಸೆ ಸೊವಿನ್ಯೊ ಬ್ಲಾಂಕ್ ಎಂಬ ತಳಿಯದು. ಮೂಸಿದಳು.

"ಹಸಿ ಮೆಣಸಿನಕಾಯಿ ಮುರ್ದಂಗೈತೆ. ಮಳೆ ಬಂದ ಮಾರ್ನೇ ದಿನ ಚಿಗುರೋ ಹುಲ್ಲಿನ ವಾಸ್ನೆ. ಆಮೇಲೆ..." ಮತ್ತೊಮ್ಮೆ ಮೂಸಿ ಸೀಸೆಯನ್ನು ದೂರ ಹಿಡಿದಳು. "ರೀ, ಇದ್ರಾಗೆ ಬೆಕ್ಕು ಉಚ್ಚೆ ಹೊಯ್ದೈತೆ!"

ನಾನು ಹುಲ್ಲು, ಮೆಣಸಿನಕಾಯಿ ಬರೆದುಕೊಂಡೆ. ಬೆಕ್ಕನ್ನು ಬಿಟ್ಟೆ. ಆದರೂ ಮಾರನೆಯ ದಿನ ಗೋದಾಮಿನಲ್ಲೆಲ್ಲ ಬೆಕ್ಕು ಹುಡುಕಿ, ಕಿಟಕಿಗೆ ಜಾಲರಿ ಹೊಡೆಸಿದೆ.

ಎರಡನೆಯದು ಶಾರ್ಡೊನೆ. ಸಾಹುಕಾರರಿಗೆ ಅದರ ಮೇಲೆ ಬಲು ಮೋಹ. ಬೆಂಗಳೂರಿನ ಗಿರಾಕಿಗಳಿಗೆ ಬಿಳಿ ವೈನೆಂದರೆ ಅದೊಂದೇ ಹೆಸರು ಗೊತ್ತು ಎನ್ನುತ್ತಿದ್ದರು. ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡಿಸಿದ್ದರು. ಕೆಂಚಮ್ಮ ಮೂಸಿ, "ಇದು ಬಡಗಿ ಅಂಗ್ಡಿ ಕಣ್ರೀ. ದ್ರಾಕ್ಷಿ ಎಲ್ಲೈತೆ?" ಎಂದಳು.

ಅವಳು ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ಮೂಸಿ ಮುಗಿದ ಮೇಲೆ ಐದೂ ಸೀಸೆಗಳನ್ನು ಹಿತ್ತಲಿನ ನುಗ್ಗೆಗಿಡದ ಬುಡಕ್ಕೆ ಸುರಿಯುವಳು. ಆ ಗಿಡ ಎಡೆಬಿಡದೆ ಕಾಯಿ ಬಿಟ್ಟಿತು. ನಮ್ಮ ಮನೆಯ ನುಗ್ಗೆಕಾಯಿ ಸಾರು ಉಂಡರೆ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಕೆಂಚಮ್ಮ ಅವರಿಗೆ ಇನ್ನೆರಡು ಕಾಯಿ ಕಿತ್ತುಕೊಡುವಳು.

ವಿಯೊನ್ಯೆ ಎಂಬ ತಳಿ ಅವಳಿಗೆ ಮೂರು ವಾರ ಕಾಟ ಕೊಟ್ಟಿತು. ವಾಸನೆ ಸಿಕ್ಕಿದೆ, ಹೆಸರು ಗೊತ್ತಿಲ್ಲ. "ಯಾವ್ದೋ ಹಣ್ಣು. ಆದ್ರೆ ನಮ್ಮ ಕಡೇದಲ್ಲ. ಹೂವೂ ಐತೆ, ಜೇನೂ ಐತೆ" ಎನ್ನುವಳು. ಕೊನೆಗೆ ಒಂದು ಭಾನುವಾರ, "ನಡೀರಿ, ದುರ್ಗಕ್ಕೆ ಹೋಗಾಣ. ಅತ್ತರ್ ಅಂಗ್ಡೀಲಿ ಎಲ್ಲಾ ವಾಸ್ನೆ ಇರ್ತಾವೆ" ಎಂದಳು.

ಅತ್ತರಿನ ಅಂಗಡಿಗೆ ವೈನ್ ಸೀಸೆ ಒಯ್ಯುವುದು ಸರಿಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಅವಳು ಮನೆಯಲ್ಲೇ ಒಮ್ಮೆ ಗಟ್ಟಿಯಾಗಿ ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಸ್ಸು ಹತ್ತಿದಳು. ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಒಂದು ಮಾತಾಡಲಿಲ್ಲ. ಬಾಯಿ ಬಿಟ್ಟರೆ ವಾಸನೆ ಹಾರಿಹೋಗುತ್ತದೆ ಎಂದು ಭಯ.

ಕಂಡಕ್ಟರ್ ಕೇಳಿದ, "ಏನಾತ್ರಿ ಅಮ್ಮಾರಿಗೆ? ವಾಂತಿ ಬರಂಗೈತಾ?"

"ಇಲ್ಲಪ್ಪ, ವಾಸ್ನೆ ಹಿಡ್ಕಂಡೀದಾರೆ" ಎಂದೆ.

ಅವನು ತನ್ನ ಅಂಗಿಯನ್ನು ಮೂಸಿ ನೋಡಿಕೊಂಡು ಮುಂದೆ ಹೋದ.

ಅತ್ತರ್ ಅಂಗಡಿಯ ಸಾಹೇಬರು ವಯಸ್ಸಾದವರು, ಒಳ್ಳೆಯ ಸಮಾಧಾನಿ. ಹದಿನೆಂಟು ಸೀಸೆ ತೆಗೆದು ತೋರಿಸಿದರು. ಕೆಂಚಮ್ಮ ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು.

"ಯಾವ್ದು ಬೇಕಮ್ಮ ನಿಮಗೆ? ಹೆಸರು ಹೇಳ್ರಿ."

"ಹೆಸ್ರು ಗೊತ್ತಿದ್ರೆ ಯಾಕೆ ಬರ್ತಿದ್ವಿ ಸಾಹೇಬ್ರೆ. ವಾಸ್ನೆ ಐತೆ, ಹೆಸ್ರು ಬೇಕು."

ಸಾಹೇಬರು ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ಕಂಡಿರಲಿಲ್ಲ. ಸುಸ್ತಾಗಿ ಕೂತು, ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು ತಾವು ತಿನ್ನಲು ಇಟ್ಟುಕೊಂಡಿದ್ದ ಡಬ್ಬಿ ತೆರೆದು ಮುಂದೆ ಹಿಡಿದರು. ಕಿತ್ತಳೆ ಬಣ್ಣದ ಒಣಹಣ್ಣು. ಕೆಂಚಮ್ಮ ಕೈ ಹಾಕಿದವಳು ಹಾಗೇ ನಿಂತಳು.

"ಇದೇ! ರೀ, ಇದೇ ಕಣ್ರೀ! ಏನ್ ಸಾಹೇಬ್ರೆ ಇದು?"

"ಖುಬಾನಿ ಅಮ್ಮ. ಇದು ತಿನ್ನೋದು, ಹಚ್ಚಿಕೊಳ್ಳೋದಲ್ಲ."

ಅವಳು ಹುಟ್ಟಿದಾರಭ್ಯ ಖುಬಾನಿ, ಎಂದರೆ ಏಪ್ರಿಕಾಟ್, ತಿಂದಿರಲಿಲ್ಲ, ನೋಡಿರಲೂ ಇಲ್ಲ. ಬರುವಾಗ ಬಸ್ಸಿನಲ್ಲಿ ಒಂದು ಪೊಟ್ಟಣ ಖಾಲಿ ಮಾಡಿ, ಕಂಡಕ್ಟರನಿಗೂ ಎರಡು ಕೊಟ್ಟಳು. ಪುಸ್ತಕದಲ್ಲಿ ವಿಯೊನ್ಯೆ ಎಂಬುದರ ಕೆಳಗೆ "ದುರ್ಗದ ಸಾಹೇಬರ ಖುಬಾನಿ" ಎಂದಿರುವುದು ಇದಕ್ಕೇ. ಹೊಸಬರು ಅದನ್ನು ಪರದೇಶದ ಯಾವುದೋ ಶಬ್ದ ಎಂದುಕೊಂಡಿದ್ದಾರೆಂದು ಶಬಾನಾ ಹೇಳಿದಳು.

ನನ್ನ ದೊಡ್ಡ ತಪ್ಪು ರೀಸ್ಲಿಂಗಿನದು. ಆ ತಳಿಯ ದ್ರಾಕ್ಷಿ ನಮ್ಮ ಬಿಸಿಲಿಗೆ ಹೆಚ್ಚು ಬರುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಾಡಿದ ಒಂದಿಷ್ಟು ಬಾಟಲಿಗಳು ಗೋದಾಮಿನ ಮೂಲೆಯಲ್ಲಿದ್ದವು. ಒಂದನ್ನು ಬಿಚ್ಚಿ ಮಾದರಿ ತಂದೆ.

ಕೆಂಚಮ್ಮ ಮೂಸಿದವಳೇ ಎದ್ದು ಅಡಿಗೆಮನೆಗೆ ಹೋಗಿ ಬಂದಳು. "ಸ್ಟೌ ಸೋರ್ತೈತೇನೋ ಅಂತ ನೋಡ್ದೆ. ಇಲ್ಲ. ಇದ್ರಾಗೇ ಐತೆ. ಸೀಮೆಎಣ್ಣೆ!"

"ಸರಿಯಾಗಿ ಮೂಸು."

"ನಿಂಬೆಹಣ್ಣೂ ಐತೆ. ಆದ್ರೆ ಸೀಮೆಎಣ್ಣೆ ಪಕ್ಕಾ. ರೇಷನ್ ಅಂಗ್ಡೀದು."

ಮಾರನೆಯ ದಿನ ನಾನು ಮಾಡಿದ ಗಲಾಟೆ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಕಾವಲುಗಾರ ತಿಪ್ಪಣ್ಣ ಗೋದಾಮಿನ ಹಿಂದೆ ಸ್ಟೌ ಇಟ್ಟುಕೊಂಡು ಚಹಾ ಮಾಡುತ್ತಿದ್ದ. ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಕೇಳಿದೆ.

"ಅಣ್ಣ, ಮುಚ್ಚಿದ ಬಾಟ್ಲಿ ಒಳಗೆ ಸೀಮೆಣ್ಣೆ ಹೆಂಗ್ ಹೋಗ್ತೈತೆ? ಸೂಜಿ ಚುಚ್ಚಿದ್ನಾ ನಾನು?" ಎಂದ.

ನ್ಯಾಯವಾದ ಪ್ರಶ್ನೆ. ಆದರೆ ನನ್ನ ಮೂಗಿಗೆ ಅಷ್ಟು ಹೆಸರು ಬಂದಿತ್ತು. ಯಾರೂ ಅವನ ಮಾತು ಕೇಳಲಿಲ್ಲ. ಬಾಟಲಿಗಳನ್ನೆಲ್ಲ ಬಿಚ್ಚಿಸಿ ಚರಂಡಿಗೆ ಸುರಿಸಿದೆ. ತಿಪ್ಪಣ್ಣ ಒಂದು ತಿಂಗಳು ನನಗೆ ಚಹಾ ಕೊಡಲಿಲ್ಲ. ಆ ತಳಿ ಹಳೆಯದಾದಷ್ಟೂ ಸೀಮೆಎಣ್ಣೆ ವಾಸನೆ ತಾನಾಗಿಯೇ ಬರುತ್ತದೆ, ಬಲ್ಲವರು ಅದನ್ನು ಹುಡುಕಿಕೊಂಡು ಬಂದು ಕುಡಿಯುತ್ತಾರೆ ಎಂದು ತಿಳಿದದ್ದು ಎರಡು ವರ್ಷವಾದ ಮೇಲೆ. ತಿಳಿದ ದಿನ ಹೋಗಿ ತಿಪ್ಪಣ್ಣನ ಕೈ ಹಿಡಿದುಕೊಂಡೆ. ಅವನು, "ಸೂಜಿ ಚುಚ್ಚಿಲ್ಲ ಅಂತ ಈಗ ಗೊತ್ತಾತಾ?" ಎಂದು ಚಹಾ ಕೊಟ್ಟ.

ಈಗ ಚೆನಿನ್ ಬ್ಲಾಂಕಿನ ವಿಷಯ. ಹೊಸದುರ್ಗದ ರಸ್ತೆಯ ಕಡೆಗಿದ್ದ ತೋಟವೆಲ್ಲ ಈ ತಳಿಯದೇ. ಆಳುಗಳು ಅದನ್ನು ಚೆನ್ನಿ ತೋಟ ಎನ್ನುತ್ತಿದ್ದರು. ಮೊದಲ ದಿನವೇ ಅದರ ಸೀಸೆ ಮೂಸಿದ ಕೆಂಚಮ್ಮ ಅದನ್ನು ಮತ್ತೆ ಮೂಗಿಗೆ ಹಿಡಿದಳು. ಆಮೇಲೆ ನಕ್ಕಳು.

"ನಮ್ಮಪ್ಪ ಬಂದಂಗಾತು. ನೆಂದ ಕಂಬ್ಳಿ."

ಕುರುಬರ ಕಂಬಳಿ ನೋಡಿದವರಿಗೆ ಗೊತ್ತು. ಕುರಿ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು. ಮಳೆ ಬಂದರೆ ಕುರಿ ಕಾಯುವವನು ಅದನ್ನೇ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಾನೆ. ಮಳೆಯಲ್ಲಿ ನೆನೆದು ಮನೆಗೆ ಬಂದ ಅಪ್ಪನ ವಾಸನೆ ಸೀಸೆಯಲ್ಲಿದೆ ಎಂದು ಅವಳು ಹೇಳಿದಳು.

ನಾನು ಬರೆದದ್ದು ಹೀಗೆ: "ಸೇಬು, ಜೇನು."

ಅವಳು ಏಳನೇ ಕ್ಲಾಸಿನವರೆಗೆ ಓದಿದ್ದಳು. ಪುಸ್ತಕ ತೆಗೆದುಕೊಂಡು ಓದಿದಳು.

"ನಾನು ಹೇಳಿದ್ದು ಕಂಬ್ಳಿ. ನೀವು ಬರ್ದಿದ್ದು ಸೇಬು."

"ಕಂಬಳಿ ಅಂತ ಬರೆದ್ರೆ ಯಾರು ಕುಡೀತಾರೆ ಕೆಂಚಿ?"

"ಸೇಬು ನಾನೇನು ದಿನಾ ತಿಂತೀನಾ? ನಂಗೆ ಗೊತ್ತಿರೋ ವಾಸ್ನೆ ಹೇಳ್ದೆ. ನಮ್ಮಪ್ಪನ ಮನೆ ವಾಸ್ನೆ ಬರೆಯಕ್ಕೆ ನಾಚ್ಕೆ ಆಗ್ತೈತೇನ್ರೀ ನಿಮಗೆ?"

ಆಗುತ್ತಿತ್ತು. ಅದನ್ನು ಹೇಳಲಿಲ್ಲ, ಪುಸ್ತಕವನ್ನು ತಿದ್ದಲೂ ಇಲ್ಲ. ಪ್ರತಿ ವರ್ಷ ಚೆನ್ನಿಯ ಸೀಸೆ ಬಂದಾಗ ಅವಳು ಕಂಬಳಿ ಎನ್ನುವಳು, ನಾನು ಸೇಬು ಬರೆಯುವೆನು, ಅವಳು ಅರ್ಧ ದಿನ ಮಾತು ಬಿಡುವಳು.

ಒಂಬತ್ತನೆಯ ವರ್ಷ ಸಾಹುಕಾರರು ಪುಸ್ತಕ ತರಿಸಿ ಓದಿದರು. "ಸೇಬು, ಜೇನು. ಇದನ್ನ ಎಲ್ಲಾರೂ ಬರ್ಕಂತಾರೆ. ಈ ಚೆನ್ನೀಲಿ ವಿಶೇಷ ಏನೈತೆ? ಕಿತ್ತಾಕಿ ಶಾರ್ಡೊನೆ ಹಾಕಾಣ" ಎಂದರು. ಜೆಸಿಬಿಗೂ ಹೇಳಿದರು. ಅದೇ ವಾರ ಪುಣೆಯಿಂದ ಒಬ್ಬ ಮೇಡಂ ಬರುವವರಿದ್ದರು. ವೈನ್ ಮೂಸಿ ಗುಣ ಹೇಳುವುದೇ ಅವರ ಕಸುಬು. ಅವರು ಚೆನ್ನಿಯನ್ನು ಮೆಚ್ಚಿದರೆ ತೋಟ ಉಳಿಯಿತು, ಇಲ್ಲದಿದ್ದರೆ ಜೆಸಿಬಿ ಎಂದು ತೀರ್ಮಾನವಾಯಿತು. ಮೇಡಂ ಎದುರು ನಮ್ಮ ಘಟಕದ ಮೂಗು ನಾನು. ಗ್ಲಾಸುಗಳನ್ನು ಹೆಸರಿಲ್ಲದೆ ಸಾಹುಕಾರರೇ ಜೋಡಿಸುತ್ತಾರಂತೆ. ನಾನು ಮೂಸಿ ಯಾವುದು ಯಾವುದೆಂದು ಹೇಳಬೇಕು.

ಮನೆಗೆ ಬಂದು ಕೆಂಚಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ಚೆನ್ನಿ ಕೀಳ್ತಾರಾ?"

"ನನ್ನ ಕೆಲ್ಸಾನೂ ಕೀಳ್ತಾರೆ."

"ನೀವು ಪಂಪು ರಿಪೇರಿ ಮಾಡ್ತೀರಿ ಬಿಡ್ರಿ. ಬಳ್ಳಿ ಏನ್ ಮಾಡ್ತೈತೆ?"

ರಾತ್ರಿ ಉಪಾಯ ಮಾಡಿದೆವು. ಅವಳು ಗ್ಲಾಸು ತೊಳೆಯುವವಳಾಗಿ ಬರುವುದು. ಓಡಾಡುತ್ತ ಮೂಸುವುದು. ನಾನು ಗ್ಲಾಸು ಎತ್ತಿದಾಗ ಬಳೆ ಅಲ್ಲಾಡಿಸುವುದು. ರೀಸ್ಲಿಂಗ್ ಬೆಳೆಯುವುದನ್ನು ಅಷ್ಟರಲ್ಲಿ ಬಿಟ್ಟಿದ್ದರಿಂದ ಉಳಿದದ್ದು ನಾಲ್ಕೇ ತಳಿ. ಒಂದು ಸಲ ಎಂದರೆ ಸೊವಿನ್ಯೊ, ಎರಡು ಸಲ ಚೆನ್ನಿ, ಮೂರು ಸಲ ವಿಯೊನ್ಯೆ, ಬಳೆ ಸುಮ್ಮನಿದ್ದರೆ ಶಾರ್ಡೊನೆ. ಹೊಸ ಗಾಜಿನ ಬಳೆ ಹಾಕಿಕೊಂಡು ಬಂದಳು, ಸದ್ದು ಚೆನ್ನಾಗಿ ಬರಲಿ ಎಂದು.

ಮೇಡಂ ಬಿಳಿ ಕೂದಲಿನವರು, ಮಾತು ಕಡಿಮೆ. ಸಾಹುಕಾರರ ಮಗ ಅವರಿಗೂ ನಮಗೂ ನಡುವೆ ಭಾಷೆ ಬದಲಿಸುತ್ತಿದ್ದ. ಮೊದಲ ಗ್ಲಾಸಿಗೆ ಒಂದು ಬಳೆ. "ಸೊವಿನ್ಯೊ. ಹಸಿ ಮೆಣಸಿನಕಾಯಿ, ಹುಲ್ಲು" ಎಂದೆ. ಮೇಡಂ ತಲೆಯಾಡಿಸಿದರು. ಎರಡನೆಯದಕ್ಕೆ ಸದ್ದಿಲ್ಲ. "ಶಾರ್ಡೊನೆ." ಸರಿಯಾಯಿತು. ಸಾಹುಕಾರರು ಮೀಸೆ ತಿರುವಿದರು.

ಮೂರನೆಯ ಗ್ಲಾಸು ಎತ್ತಿದೆ. ಆಗ ಒಂದು ನೊಣ ಬಂತು. ವೈನ್ ಇದ್ದಲ್ಲಿ ನೊಣ ಇದ್ದೇ ಇರುತ್ತದೆ, ಅದನ್ನು ಯೋಚಿಸಿರಲಿಲ್ಲ. ಅದು ಕೆಂಚಮ್ಮನ ಮುಖದ ಮೇಲೆ ಕೂತಿತು. ಅವಳು ಕೈ ಬೀಸಿದಳು. ಎದ್ದು ಮತ್ತೆ ಕೂತಿತು. ಮತ್ತೆ ಬೀಸಿದಳು. ನಾನು ಎಣಿಸಿದೆ. ಹನ್ನೊಂದು.

ಹನ್ನೊಂದು ಬಳೆಯ ವೈನ್ ನಮ್ಮಲ್ಲಿ ಇರಲಿಲ್ಲ.

ಗ್ಲಾಸನ್ನು ಮೂಗಿಗೆ ಹಿಡಿದೆ. ಗಾಳಿ. ಮತ್ತೆ ಹಿಡಿದೆ. ಗಾಳಿಯೇ. ಸಾಹುಕಾರರು, "ಹೂಂ, ಹೇಳಪ್ಪ" ಎಂದರು. ಬೆವರು ಗ್ಲಾಸಿನೊಳಗೆ ಬೀಳುವಂತಾಯಿತು. "ಸೇಬು..." ಎಂದು ಶುರು ಮಾಡಿದೆ.

"ಅಯ್ಯೋ, ಸೇಬು ಅಲ್ಲ ಕಣ್ರೀ!" ಕೆಂಚಮ್ಮ ಬಕೆಟ್ಟು ಕೆಳಗಿಟ್ಟು ಮುಂದೆ ಬಂದಳು. "ಒಂಬತ್ತು ವರ್ಷದಿಂದ ಬಡ್ಕಂತಿದೀನಿ. ಅದು ನೆಂದ ಕಂಬ್ಳಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹುಕಾರರ ಮಗನಂತೂ ಮೇಜು ಹಿಡಿದುಕೊಂಡ. ಮೇಡಂ ಮಾತ್ರ ನಗದೆ, ಆಕೆ ಏನೆಂದಳು ಎಂದು ಕೇಳಿದರು. ಅವನು ನಗು ತಡೆದುಕೊಂಡು ಹೇಳಿದ. ಮೇಡಂ ಗ್ಲಾಸು ತೆಗೆದುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. ಆಮೇಲೆ ಹೇಳಿದ ಮಾತನ್ನು ಅವನು ನಗದೆ ನಮಗೆ ತಿಳಿಸಿದ. ಈ ತಳಿ ಹುಟ್ಟಿದ ದೇಶದಲ್ಲಿ, ಒಳ್ಳೆಯ ಚೆನಿನ್‌ನಲ್ಲಿ ಹುಡುಕುವ ವಾಸನೆಯೇ ಒದ್ದೆ ಉಣ್ಣೆಯದಂತೆ. ಪುಸ್ತಕದಲ್ಲಿ ಓದಿ ಹೇಳುವವರನ್ನು ಅವರು ಕಂಡಿದ್ದರು, ಕುರಿ ಸಾಕಿ ಹೇಳಿದವರನ್ನು ಕಂಡಿರಲಿಲ್ಲ.

ಮೇಡಂ ಕೆಂಚಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಳಿದ ಗ್ಲಾಸುಗಳನ್ನೂ ಮೂಸಿಸಿದರು. ಸೊವಿನ್ಯೊ ಬಂದಾಗ ಇವಳು ಹಿಂಜರಿಯುತ್ತಲೇ ಬೆಕ್ಕಿನ ವಿಷಯ ಹೇಳಿದಳು. ಮೇಡಂ ಅವತ್ತು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕು, ಅದೂ ಸರಿ ಎಂದರು. ಹಳೆಯ ರೀಸ್ಲಿಂಗ್ ಇದೆಯೇ ಎಂದು ಕೇಳಿದರು. ನಾನು ಚರಂಡಿಯ ಕಡೆ ನೋಡಿದೆ.

ಮೇಡಂ ಹೋದ ಮೇಲೆ ಸಾಹುಕಾರರು ನನ್ನನ್ನು ಕರೆದರು.

"ಹಂಗಾರೆ ಇಷ್ಟು ವರ್ಷ ಮೂಸಿದ್ದು?"

"ಇವಳು, ಸಾಹುಕಾರ್ರೆ. ನನ್ನ ಮೂಗು ಹತ್ತನೇ ವಯಸ್ಸಿಗೇ ಹೋಗೈತೆ."

"ಫಿನಾಯ್ಲು?"

"ಡಬ್ಬಿ ಕಂಡಿತ್ತು."

ಅವರು ಬಹಳ ಹೊತ್ತು ನನ್ನ ಮೂಗನ್ನೇ ನೋಡಿದರು. "ಒಬ್ಬನ್ನ ಕರೆದ್ರೆ ಇಬ್ರು ಬಂದಂಗಾತು ಬಿಡು" ಎಂದು ಎದ್ದರು. ಜೆಸಿಬಿ ವಾಪಸು ಹೋಯಿತು. ಚೆನ್ನಿ ಈಗಲೂ ಇದೆ.

ಪುಸ್ತಕವನ್ನು ಅವಳ ಮಾತಿನಲ್ಲೇ ಹೊಸದಾಗಿ ಬರೆಯಬೇಕೆಂದು ಅಪ್ಪಣೆಯಾಯಿತು. ಬರೆದೆ. ಕಂಬಳಿಯೂ ಬಂತು, ಬೆಕ್ಕೂ ಬಂತು, ಸೀಮೆಎಣ್ಣೆಯೂ ಬಂತು. ರಟ್ಟಿನ ಮೇಲೆ ಮಾತ್ರ ಕೆಲಸದಲ್ಲಿರುವವರ ಹೆಸರೇ ಇರಬೇಕೆಂದು ಆಫೀಸಿನವರು ನನ್ನದನ್ನು ಹಾಕಿದರು. ಕೆಂಚಮ್ಮನನ್ನು ಕೇಳಿದೆ. "ನನ್ನ ಹೆಸ್ರು ಯಾಕ್ರೀ? ಕಂಬ್ಳಿ ಬಂತಲ್ಲ" ಎಂದಳು. ನಾನು ಎರಡನೆಯ ಸಲ ಸುಮ್ಮನಾದೆ. ಫಿನಾಯಿಲಿನ ದಿನದ ಮೊದಲನೆಯದನ್ನು ಅವಳು ಸರಿ ಮಾಡಿದ್ದಳು. ಎರಡನೆಯದು ನನ್ನ ಪಾಲಿಗೇ ಉಳಿಯಿತು.

ಆಮೇಲೆ ಕೆಲಸದ ರೀತಿ ಬದಲಾಯಿತು. ಮೊದಲು ಟ್ಯಾಂಕಿಗೆ ಒದ್ದೆ ಗೋಣಿಚೀಲ ಸುತ್ತಿ ತಂಪು ಮಾಡುತ್ತಿದ್ದೆವು, ಈಗ ಗುಂಡಿ ಒತ್ತಿದರೆ ಆಯಿತು. ವಾಸನೆ ಅಳೆಯುವ ಯಂತ್ರವೂ ಬಂದಿದೆ, ಕಾಗದದ ಮೇಲೆ ಗುಡ್ಡದ ಹಾಗೆ ಗೆರೆ ಎಳೆದು ತೋರಿಸುತ್ತದೆ. ಒಳ್ಳೆಯದೇ. ಆ ಯಂತ್ರ ಬಸ್ಸು ಹತ್ತಿ ದುರ್ಗಕ್ಕೆ ಹೋಗುವುದಿಲ್ಲ, ಅಷ್ಟೆ.

ಕೊರೊನಾ ಬಂದಾಗ ಕೆಂಚಮ್ಮನ ಮೂಗೂ ಹೋಯಿತು. ಒಂದು ಮನೆಯಲ್ಲಿ ಎರಡು ಸತ್ತ ಮೂಗು. ಸಾರು ಸೀದು ಕರಕಲಾಗಿ, ಪಕ್ಕದ ಮನೆಯವರು ಬಾಗಿಲು ಬಡಿದು ಹೇಳಿದ ಮೇಲೆ ನಮಗೆ ಗೊತ್ತಾಯಿತು. "ನೀವು ಇಷ್ಟು ವರ್ಷ ಹಿಂಗೇ ಇದ್ರಾ?" ಎಂದು ಕೇಳಿದಳು. ಹೂಂ ಎಂದೆ. "ಪಾಪ" ಎಂದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಮೂಗಿನ ಬಗ್ಗೆ ಪಾಪ ಎಂದದ್ದು ಆವತ್ತೊಂದೇ ದಿನ. ಮೂರು ವಾರದ ಮೇಲೆ ಮಳೆ ಬಂತು. ತವರಿನಿಂದ ತಂದು ದಿನಾ ಹೊದೆಯುತ್ತಿದ್ದ ಅವಳ ಕಂಬಳಿ ಹೊರಗೆ ಹಾಕಿದ್ದು ನೆನೆಯಿತು. ಎತ್ತಿಕೊಂಡು ಒಳಗೆ ಬಂದವಳು ಬಾಗಿಲಲ್ಲೇ ಕೂತು ಅತ್ತಳು. ಮೊದಲು ಮರಳಿ ಬಂದ ವಾಸನೆ ಅದು.

ಈಗ ಆ ಕಂಬಳಿ ನನ್ನ ಹತ್ತಿರ ಇದೆ. ಸತ್ತವರ ಬಟ್ಟೆಯಲ್ಲಿ ಅವರ ವಾಸನೆ ಇರುತ್ತದೆ ಎಂದು ಜನ ಹೇಳುತ್ತಾರೆ. ನಾನೂ ಮುಖಕ್ಕೆ ಹಿಡಿದುಕೊಂಡು ನೋಡಿದ್ದೇನೆ. ಚುಚ್ಚುತ್ತದೆ.

ಮೊನ್ನೆ ಶಬಾನಾ ಈ ಬರಹ ಎಲ್ಲಿಗೆ ಬಂತು ಎಂದು ಕೇಳಲು ಬಂದಳು. ಮಧ್ಯಾಹ್ನ ಒಂದು ಮಳೆ ಹೊಡೆದಿತ್ತು. ಬಿಸಿಲಿಗೆ ಹಾಕಿದ್ದ ಕಂಬಳಿಯನ್ನು ನಾನು ಮರೆತಿದ್ದೆ. ಅವಳೇ ತಂತಿಯಿಂದ ತೆಗೆದು ತಂದಳು. ಬಾಗಿಲಿಗೆ ಬಂದವಳು ನಿಂತಳು.

"ಸರ್, ಮನೇಲಿ ಚೆನಿನ್ ಬ್ಲಾಂಕ್ ಬಾಟಲಿ ಬಿಚ್ಚಿದೀರಾ?"

"ಇಲ್ಲಮ್ಮ. ಯಾಕೆ?"

ಕೈಯಲ್ಲಿದ್ದ ಕಂಬಳಿಯನ್ನು ಮೂಸಿದಳು, ನನ್ನನ್ನು ನೋಡಿದಳು. ಅವಳು ಪೇಟೆಯ ಹುಡುಗಿ. ನೆಂದ ಕಂಬಳಿಯನ್ನು ಅದುವರೆಗೆ ಮುಟ್ಟಿಯೂ ಇರಲಿಲ್ಲ. ಪುಸ್ತಕದಲ್ಲಿ ಓದಿ, ಗ್ಲಾಸಿನ ಮೇಲೆಯೇ ಕಲಿತಿದ್ದಳು.

"ಇದೇನಾ ಸರ್ ಅದು?"

"ಇದೇ. ಮತ್ತೇನೈತೆ ನೋಡಮ್ಮ."

ಅವಳು ಕೂತು, ಗ್ಲಾಸಿನ ಮುಂದೆ ಕೂತ ಹಾಗೆ ಕಣ್ಣು ಮುಚ್ಚಿದಳು. "ಉಣ್ಣೆ. ಸ್ವಲ್ಪ ಹುಳಿ, ಗಂಜಿ ಥರ. ಸೌದೆ ಹೊಗೆ. ಇಲ್ಲಿ ಈ ಅಂಚಲ್ಲಿ ಕೊಬ್ಬರಿ ಎಣ್ಣೆ ಐತೆ ಸರ್. ತಲೆ ಈ ಕಡೆಗೆ ಇಡ್ತಿದ್ರು ಅನ್ಸುತ್ತೆ."

"ಬರ್ಕೋ."

ಅವಳು ಚೀಲದಿಂದ ಆ ಹಳೆಯ ನೋಟುಪುಸ್ತಕ ತೆಗೆದು ಪೆನ್ನು ಹಿಡಿದು ಕೇಳಿದಳು. "ಯಾವ ತಳಿ ಕೆಳಗೆ ಬರೀಲಿ ಸರ್?"

"ಹೊಸ ಪುಟ ತೆಗಿ. ಮೇಲೆ ಕೆಂಚಮ್ಮ ಅಂತ ಹಾಕು."

ಬರೆದಳು. ಆಮೇಲೆ ನಾನು ಪೆನ್ನು ಇಸಿದುಕೊಂಡು ರಟ್ಟಿನ ಮೇಲಿದ್ದ ನನ್ನ ಹೆಸರನ್ನು ಹೊಡೆದು ಅಲ್ಲೂ ಅದನ್ನೇ ಬರೆದೆ. ಅಕ್ಷರ ಸೊಟ್ಟಗಾಯಿತು, ಇರಲಿ.

ಹೊಸ ಬ್ಯಾಚಿನವರನ್ನೆಲ್ಲ ಕರೆದುಕೊಂಡು ಬಂದು ಕಂಬಳಿ ಮೂಸಿಸಬೇಕೆಂದು ಶಬಾನಾ ಹೇಳಿ ಹೋಗಿದ್ದಾಳೆ. ಬುಧವಾರ ಹನ್ನೊಂದು ಜನ ಬರುತ್ತಾರಂತೆ. ಒಂದು ಬಕೆಟ್ ನೀರು ತುಂಬಿಟ್ಟಿದ್ದೇನೆ. ಕಾಲಿನ ಕಡೆಯ ಮೂಲೆಯನ್ನು ಮಾತ್ರ ಅದ್ದುತ್ತೇನೆ. ತಲೆ ಇಡುತ್ತಿದ್ದ ಅಂಚು ಒಣಗಿದ ಹಾಗೇ ಇರಲಿ.